ಮರದ ಗುಂಡು ಹೇಳಿಕೊಟ್ಟ ಪಾಠ

1974ರ ಮಾತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನದ ಅಧ್ಯಾಪಕ ರಿಚರ್ಡ್ ರಾಬ್ಸನ್ ಅವರಿಗೆ ಒಂದು ಸಣ್ಣ ಕೆಲಸ ಬಿತ್ತು. ವಿದ್ಯಾರ್ಥಿಗಳಿಗೆ ತೋರಿಸಲು ಅಣುಗಳ ಮಾದರಿ ಮಾಡಿಸಬೇಕು. ಮರದ ಗುಂಡು ಪರಮಾಣು, ಕಡ್ಡಿ ಬಂಧ. ಗುಂಡಿಗೆ ಎಲ್ಲೆಂದರಲ್ಲಿ ತೂತು ಕೊರೆಯುವಂತಿಲ್ಲ. ಇಂಗಾಲ ಕೈಚಾಚುವ ರೀತಿಯೇ ಬೇರೆ, ಸಾರಜನಕದ್ದೇ ಬೇರೆ. ರಾಬ್ಸನ್ ತೂತುಗಳ ಜಾಗ ಗುರುತಿಸಿ ವರ್ಕ್‌ಶಾಪಿನಲ್ಲಿ ಕೊರೆಸಿದರು.

ಜೋಡಿಸಲು ಕುಳಿತಾಗ ಅವರಿಗೆ ಥಟ್ಟನೆ ಹೊಳೆಯಿತು: ಆಕಾರವನ್ನು ನಿರ್ಧರಿಸುತ್ತಿರುವುದು ತಾವಲ್ಲ, ಆ ತೂತುಗಳು! ಹಾಗಾದರೆ ಪರಮಾಣುಗಳ ಬದಲು ಇಡೀ ಅಣುಗಳನ್ನೇ ಹೀಗೆ ಕೂಡಿಸಿದರೆ?

ಪ್ರತಿವರ್ಷ ಪಾಠಕ್ಕೆಂದು ಗುಂಡುಗಳನ್ನು ಹೊರತೆಗೆದಾಗಲೆಲ್ಲ ಅದೇ ಪ್ರಶ್ನೆ. ಪ್ರಯೋಗಕ್ಕೆ ಕೈಹಾಕುವ ಹೊತ್ತಿಗೆ ಹತ್ತು ವರ್ಷಗಳೇ ದಾಟಿದ್ದವು. ವಜ್ರದಲ್ಲಿ ಪ್ರತಿ ಇಂಗಾಲ ಪರಮಾಣು ನಾಲ್ಕು ನೆರೆಯವರ ಕೈ ಹಿಡಿದಿರುತ್ತದಷ್ಟೆ. (ಹಿಟ್ಟಿನ ಉಂಡೆ, ಪೊರಕೆ ಕಡ್ಡಿ ಇದ್ದರೆ ನೀವೂ ಮನೆಯಲ್ಲಿ ಕಟ್ಟಿ ನೋಡಬಹುದು. ಅಮ್ಮನ ಒಪ್ಪಿಗೆ ಪಡೆಯಿರಿ!) ಅದೇ ಮಾದರಿಯಲ್ಲಿ ರಾಬ್ಸನ್ ತಾಮ್ರದ ಅಯಾನುಗಳನ್ನು ನಾಲ್ಕು ತೋಳಿನ ಸಾವಯವ ಅಣುಗಳೊಂದಿಗೆ ಬೆರೆಸಿದರು. ಅವು ತಾವಾಗಿಯೇ ಜೋಡಿಕೊಂಡು ಹರಳುಗಟ್ಟಿದವು. ವಜ್ರದಂಥದೇ ಕಟ್ಟಡ, ಆದರೆ ಒಳಗೆಲ್ಲ ಟೊಳ್ಳು. 1989ರಲ್ಲಿ ಇದು ಪ್ರಕಟವಾಯಿತು.

ಟೊಳ್ಳಿನಿಂದೇನು ಪ್ರಯೋಜನ ಎನ್ನುತ್ತೀರಾ? ಕೊಡದ ಉಪಯೋಗವಿರುವುದೇ ಅದರ ಟೊಳ್ಳಿನಲ್ಲಿ. ಆದರೆ ರಾಬ್ಸನ್‌ರ ಹರಳುಗಳು ಸುಲಭವಾಗಿ ಕುಸಿಯುತ್ತಿದ್ದವು. ಇವು ಕೆಲಸಕ್ಕೆ ಬಾರವು ಎಂದೇ ಹಲವು ರಸಾಯನ ವಿಜ್ಞಾನಿಗಳು ಭಾವಿಸಿದ್ದರು.

1997ರಲ್ಲಿ ಜಪಾನಿನ ಸುಸುಮು ಕಿತಾಗಾವಾ, ಒಣಗಿಸಿದರೂ ಕುಸಿಯದ ಹರಳು ಕಟ್ಟಿ, ಅದರ ಓಣಿಗಳೊಳಗೆ ಅನಿಲ ಹೋಗಿಬರುವುದನ್ನು ತೋರಿಸಿದರು. 1999ರಲ್ಲಿ ಅಮೆರಿಕದಲ್ಲಿದ್ದ ಓಮರ್ ಯಾಘಿ ಸತುವನ್ನು ಬಳಸಿ ಎಂಓಎಫ್-5 ರೂಪಿಸಿದರು. ಎಂಓಎಫ್ ಎಂದರೆ ಲೋಹ ಮತ್ತು ಸಾವಯವ ಅಣುಗಳ ಚೌಕಟ್ಟು. ಒಳಗೆ ಏನೂ ಇಲ್ಲದಿದ್ದರೂ 300 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಇದು ಜಗ್ಗದು. ಇದರ ಕೆಲವೇ ಗ್ರಾಂಗಳೊಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾದೀತು! ಅನಿಲದ ಅಣುಗಳು ಅಂಟಿಕೊಳ್ಳುವುದು ಈ ಗೋಡೆಗಳಿಗೇ.

ತೋಳುಗಳನ್ನು ಬದಲಿಸಿದರೆ ಕೋಣೆಗಳ ಅಳತೆಯೂ ಸ್ವಭಾವವೂ ಬದಲಾಗುತ್ತವೆ. ಒಂದು ಬಗೆ ಇಂಗಾಲದ ಡೈಆಕ್ಸೈಡನ್ನು ಹಿಡಿದರೆ ಇನ್ನೊಂದು ನೀರಾವಿಯನ್ನು ಹಿಡಿಯುತ್ತದೆ. ಅರಿಜೋನಾದ ಮರುಭೂಮಿಯಲ್ಲಿ ಯಾಘಿ ತಂಡದ ಎಂಓಎಫ್ ರಾತ್ರಿಯ ಗಾಳಿಯಿಂದ ತೇವ ಹೀರಿಕೊಂಡು, ಹಗಲಿನ ಬಿಸಿಲಿಗೆ ಕುಡಿಯುವ ನೀರು ಬಿಟ್ಟುಕೊಟ್ಟಿತು. ಯಾಘಿ ಜೋರ್ಡಾನಿನ ಅಮ್ಮಾನಿನಲ್ಲಿ, ನಲ್ಲಿ ನೀರಿಲ್ಲದ ಒಂದೇ ಕೋಣೆಯ ಮನೆಯಲ್ಲಿ ಬೆಳೆದವರು.

2025ರ ರಸಾಯನ ವಿಜ್ಞಾನದ ನೊಬೆಲ್ ಈ ಮೂವರಿಗೂ ಸಂದಿತು. ಆಗ ರಾಬ್ಸನ್‌ರಿಗೆ 88 ವರ್ಷ. ಗುಂಡಿಗೆ ತೂತು ಕೊರೆಸಿ 51 ವರ್ಷವಾಗಿತ್ತು.