ರಾಕೆಟ್ ಸಿಂಗ್ ಬರೆದಿಟ್ಟ ಬಾಕಿ

2009ರ ಡಿಸೆಂಬರ್ ಎಂದರೆ ಹಿಂದಿ ಚಿತ್ರ ನೋಡುವವರಿಗೆಲ್ಲ ನೆನಪಾಗುವುದು 'ತ್ರೀ ಈಡಿಯಟ್ಸ್'. ಆ ತಿಂಗಳ 25ರಂದು ಬಂದ ಆ ಚಿತ್ರ ಇಡೀ ದೇಶವನ್ನು ಗೆದ್ದುಕೊಂಡಿತು. ಅದಕ್ಕೆ ಎರಡು ವಾರ ಮೊದಲು, 11ರಂದು ಬಿಡುಗಡೆಯಾದ 'ರಾಕೆಟ್ ಸಿಂಗ್: ಸೇಲ್ಸ್‌ಮನ್ ಆಫ್ ದಿ ಇಯರ್' ಚಿತ್ರಮಂದಿರಗಳಲ್ಲಿ ನಿಲ್ಲಲೇ ಇಲ್ಲ. ನಾಯಕ ರಣಬೀರ್ ಕಪೂರ್, ನಿರ್ಮಾಣ ಯಶ್ ರಾಜ್ ಫಿಲ್ಮ್ಸ್. ನಿರ್ದೇಶಕ ಶಿಮಿತ್ ಅಮೀನ್ ಮತ್ತು ಲೇಖಕ ಜೈದೀಪ್ ಸಾಹ್ನಿ ಎರಡೇ ವರ್ಷದ ಹಿಂದೆ 'ಚಕ್ ದೇ! ಇಂಡಿಯಾ' ಕೊಟ್ಟ ಜೋಡಿ. ಇಷ್ಟೆಲ್ಲ ಇದ್ದೂ ಜನ ಬರಲಿಲ್ಲ. ಒಂದೂವರೆ ದಶಕ ಕಳೆದ ಮೇಲೆ ಹಿಂತಿರುಗಿ ನೋಡಿದರೆ, ವ್ಯಾಪಾರ ಎಂಬ ಕೆಲಸವನ್ನು ಇಷ್ಟು ಹತ್ತಿರದಿಂದ, ಇಷ್ಟು ಗೌರವದಿಂದ ನೋಡಿದ ಹಿಂದಿ ಚಿತ್ರ ಆ ಕಾಲದಲ್ಲಿ ಇನ್ನೊಂದು ಬರಲಿಲ್ಲ ಎಂದು ನಮಗೆ ಅನಿಸುತ್ತದೆ. ಚಿತ್ರ ಎತ್ತಿದ ಪ್ರಶ್ನೆಗಳಿಗೆ ಈ ವರ್ಷಗಳು ಏನು ಉತ್ತರ ಕೊಟ್ಟವು ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕಾಗಿದೆ.

ಕತೆ ಮುಂಬೈಯದು. ಹರ್‌ಪ್ರೀತ್ ಸಿಂಗ್ ಬೇಡಿ ಹೇಗೋ ಬಿ.ಕಾಂ. ಪಾಸಾದ ಹುಡುಗ. ಸಾಕಿ ಬೆಳೆಸಿದವರು ಅಜ್ಜ. ಅಂಕ ಕಡಿಮೆಯಾದವರಿಗೆ ಬಾಗಿಲು ತೆರೆದಿರುವುದು ಸೇಲ್ಸ್ ಕೆಲಸದಲ್ಲಿ. ಮಾತು ಬರುತ್ತದೆ, ಜನರೊಡನೆ ಬೆರೆಯಲು ಬರುತ್ತದೆ, ಅಷ್ಟು ಸಾಕು ಎಂದುಕೊಂಡು ಅವನು ಎವೈಎಸ್ ಎಂಬ ಕಂಪ್ಯೂಟರ್ ಮಾರಾಟ ಕಂಪನಿಗೆ ಸೇರುತ್ತಾನೆ. ಮೊದಮೊದಲ ಗಿರಾಕಿಗಳಲ್ಲೊಬ್ಬ, ಒಂದು ಖಾಸಗಿ ಕಂಪನಿಯ ಖರೀದಿ ಅಧಿಕಾರಿ, ಆರ್ಡರ್ ಕೊಡಲು ತನ್ನ ಪಾಲು ಕೇಳುತ್ತಾನೆ. ಹರ್‌ಪ್ರೀತ್ ಅದೇ ಕಂಪನಿಯ ದೂರು ಪೆಟ್ಟಿಗೆಗೆ ಒಂದು ದೂರು ಬರೆದು ಹಾಕಿ ಬರುತ್ತಾನೆ. ಶಿಕ್ಷೆಯಾಗುವುದು ದೂರು ಕೊಟ್ಟವನಿಗೆ. ಆರ್ಡರ್ ಕೈತಪ್ಪುತ್ತದೆ, ಮಾಲೀಕ ಸುನೀಲ್ ಪುರಿ ಎಲ್ಲರೆದುರು ಬೈಯುತ್ತಾನೆ, ಸಹೋದ್ಯೋಗಿಗಳು ಅವನ ಮೇಲೆ ಕಾಗದದ ರಾಕೆಟ್ ಎಸೆಯುತ್ತಾರೆ. ಮುಂದೆ ತನ್ನ ಕಂಪನಿಗೆ ಅವನು ಇಡುವ ಹೆಸರು ಹುಟ್ಟುವುದು ಆ ರಾಕೆಟ್‌ಗಳಿಂದಲೇ: ರಾಕೆಟ್ ಸೇಲ್ಸ್ ಕಾರ್ಪೊರೇಷನ್.

ಈ ಕಂಪನಿಗೆ ಸ್ವಂತ ಕಚೇರಿಯಿಲ್ಲ. ಅದು ನಡೆಯುವುದು ಎವೈಎಸ್ ಕಚೇರಿಯ ಒಳಗೇ, ಮಾಲೀಕನ ಕಣ್ಣಿಗೆ ಬೀಳದಂತೆ. ರಿಸೆಪ್ಷನಿಸ್ಟ್ ಕೊಯ್ನಾ, ಕಂಪ್ಯೂಟರ್ ಬಿಚ್ಚಿ ಜೋಡಿಸುವ ಗಿರಿ, ಚಹಾ ತಂದುಕೊಡುವ ಛೋಟೇಲಾಲ್ ಮಿಶ್ರಾ ಅದಕ್ಕೆ ಸೇರುತ್ತಾರೆ, ಕೊನೆಗೆ ಮಾರಾಟ ವಿಭಾಗದ ಮುಖ್ಯಸ್ಥ ನಿತಿನ್ ರಾಠೋಡ್ ಸಹ ಒಳಗೆ ಬರುತ್ತಾನೆ. ಚಿತ್ರದ ನಗುವೆಲ್ಲ ಹುಟ್ಟುವುದು ಈ ಎರಡು ಸಂಸಾರದಿಂದ. ಅದೇ ಮೇಜು, ಅದೇ ರಿಸೆಪ್ಷನಿಸ್ಟ್, ಉತ್ತರಿಸುವ ಕಂಪನಿಗಳು ಎರಡು. ಗೌಹರ್ ಖಾನ್ ಆ ಪಾತ್ರವನ್ನು ಎಷ್ಟು ಚುರುಕಾಗಿ ಮಾಡಿದ್ದಾರೆಂದರೆ, ಕಚೇರಿಯನ್ನು ನಿಜಕ್ಕೂ ನಡೆಸುವವರು ಯಾರು ಎಂಬುದು ನೋಡುವವರಿಗೆ ಬೇಗನೆ ಅರ್ಥವಾಗುತ್ತದೆ. ಸಾಹ್ನಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, ಐಟಿ ಮತ್ತು ಜಾಹೀರಾತು ಕ್ಷೇತ್ರಗಳಲ್ಲಿ ದುಡಿದು ಸಿನಿಮಾಕ್ಕೆ ಬಂದವರು. ಕೊಟೇಷನ್, ಟಾರ್ಗೆಟ್, ಬಿಡಿಭಾಗದ ಬೆಲೆ, ರಿಪೇರಿಗೆ ಬರುತ್ತೇನೆಂದು ಹೇಳಿ ಬಾರದ ಹುಡುಗ, ಇವೆಲ್ಲ ಕಂಡು ಬಲ್ಲವರ ಬರಹವಾಗಿ ತೆರೆಯ ಮೇಲೆ ಬರುತ್ತವೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸಿಕೊಂಡವರಿಗೆ ಗಿರಿಯ ಕೈಗಳು ಪರಿಚಿತ.

ರಾಕೆಟ್ ಸೇಲ್ಸ್ ಬೆಳೆಯುವುದು ಒಂದೇ ಕಾರಣಕ್ಕೆ. ಮಾರಿದ ಮೇಲೂ ಅದು ಫೋನ್ ಎತ್ತುತ್ತದೆ. ರಾತ್ರಿ ಯಂತ್ರ ಕೆಟ್ಟರೆ ರಾತ್ರಿಯೇ ಹೋಗಿ ಸರಿಮಾಡಿ ಬರುತ್ತದೆ. ಪ್ರಾಮಾಣಿಕ ನಾಯಕರು ಹಿಂದಿ ಚಿತ್ರಗಳಲ್ಲಿ ಬೇಕಾದಷ್ಟು ಬಂದುಹೋಗಿದ್ದಾರೆ. ಅವರ ಪ್ರಾಮಾಣಿಕತೆ ಭಾಷಣದಲ್ಲಿ, ತ್ಯಾಗದಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ ತೋರುತ್ತದೆ. ಇಲ್ಲಿ ಅದು ವಾರಂಟಿಯಲ್ಲಿ ತೋರುತ್ತದೆ. ನಂಬಿಕೆ ಗಿರಾಕಿಯಿಂದ ಗಿರಾಕಿಗೆ ಹೇಗೆ ಹರಡುತ್ತದೆ, ಅದಕ್ಕೆ ಎಷ್ಟು ನಿದ್ದೆ ಖರ್ಚಾಗುತ್ತದೆ ಎಂಬುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಹಾಡಿಗಾಗಿ ಕತೆ ನಿಲ್ಲುವುದಿಲ್ಲ, ಪ್ರೇಮಕ್ಕೂ ಹೆಚ್ಚು ಜಾಗವಿಲ್ಲ. ಚಿತ್ರಮಂದಿರದಲ್ಲಿ ಸೋಲಲು ಇದೂ ಒಂದು ಕಾರಣವಿರಬಹುದು. ಇಂದು ಮತ್ತೆ ನೋಡುವವರಿಗೆ ಹಿಡಿಸುವುದೂ ಇದೇ ಗುಣ.

ಹೋಲಿಕೆಗೆ ಮಣಿರತ್ನಂ ಅವರ 'ಗುರು' ಇದೆ. 2007ರಲ್ಲಿ ಬಂದ ಆ ಚಿತ್ರದ ಗುರುಕಾಂತ್ ದೇಸಾಯಿ ನಿಯಮಗಳನ್ನು ಬಗ್ಗಿಸುತ್ತ, ಮುರಿಯುತ್ತ ಬೆಳೆಯುತ್ತಾನೆ. ಕೊನೆಯಲ್ಲಿ ವಿಚಾರಣೆಯ ಮುಂದೆ ನಿಂತು, ಬಡವನಿಗೆ ಎಲ್ಲ ಬಾಗಿಲೂ ಮುಚ್ಚಿದ್ದಾಗ ಒದೆಯದೆ ಇನ್ನೇನು ಮಾಡಬೇಕಿತ್ತು ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಪ್ರೇಕ್ಷಕರು ಆ ವಾದವನ್ನು ಮೆಚ್ಚಿದರು, ಚಿತ್ರ ಗೆದ್ದಿತು. ಅದಾಗಿ ಎರಡು ವರ್ಷಕ್ಕೆ, 2009ರ ಜನವರಿ 7ರಂದು, ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಕಂಪನಿಯ ಲೆಕ್ಕಪತ್ರಗಳನ್ನು ವರ್ಷಗಟ್ಟಲೆ ಉಬ್ಬಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಮೊತ್ತ 7 ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಅದೇ ವರ್ಷದ ಕೊನೆಗೆ ಬಂದ ಹರ್‌ಪ್ರೀತನ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಿತ್ತು. ಎವೈಎಸ್‌ನ ಫೋನು, ಸಾಮಾನು, ಸೌಕರ್ಯ ಯಾವುದನ್ನು ಎಷ್ಟು ಬಳಸಿದೆವು ಎಂದು ಅವನು ಅದರಲ್ಲಿ ಬರೆದಿಡುತ್ತಾನೆ. ತೀರಿಸಲೇಬೇಕಾದ ಸಾಲವೆಂದು ಬರೆದಿಡುತ್ತಾನೆ.

ನಾಯಕ ಸಿಖ್ಖನಾಗಿರುವುದಕ್ಕೂ ಇಲ್ಲಿ ತೂಕವಿದೆ. ಪೇಟ, ಗಡ್ಡಗಳನ್ನು ಹಾಸ್ಯದ ಸರಕಾಗಿ ಬಳಸಿ ಅಭ್ಯಾಸವಾದ ಚಿತ್ರರಂಗದಲ್ಲಿ ರಣಬೀರ್ ಅವನ್ನು ಘನತೆಯಿಂದ ಧರಿಸಿದರು. ದಶಕಗಳ ಕಾಲ ಖಳನಾಗಿ ಮೆರೆದ ಪ್ರೇಮ್ ಚೋಪ್ರಾ ಇಲ್ಲಿ ನೇರ ನಡೆಯ ಅಜ್ಜ. ಸಿಖ್ ಪರಂಪರೆಯಲ್ಲಿ ಬಾಲಕ ನಾನಕರ ಒಂದು ಕತೆಯಿದೆ. ವ್ಯಾಪಾರ ಮಾಡಿ ಲಾಭ ತಾ ಎಂದು ತಂದೆ 20 ರೂಪಾಯಿ ಕೊಟ್ಟು ಕಳಿಸಿದರೆ, ಅವರು ಚೂಹಡ್‌ಕಾನಾದಲ್ಲಿ ಹಸಿದ ಸಾಧುಗಳಿಗೆ ಉಣ್ಣಿಸಿ ಬರಿಗೈಲಿ ಮರಳಿದರಂತೆ. ಅದನ್ನೇ ಸಚ್ಚಾ ಸೌದಾ, ನಿಜವಾದ ವ್ಯಾಪಾರ, ಎಂದು ಇಂದಿಗೂ ಸ್ಮರಿಸುತ್ತಾರೆ. ದುಡಿದು ಉಣ್ಣು, ಹಂಚಿ ಉಣ್ಣು ಎಂಬುದು ಆ ಧರ್ಮದ ಮೂಲಸೂತ್ರಗಳಲ್ಲಿ ಸೇರಿದೆ. ಕಾಯಕ, ದಾಸೋಹ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರ ಎಲ್ಲಿಯೂ ಧರ್ಮ ಬೋಧಿಸುವುದಿಲ್ಲ. ಆದರೆ ಚಹಾ ತರುವ ಛೋಟೇಲಾಲನನ್ನು ಸಂಬಳದಾಳಾಗಿ ಸೇರಿಸಿಕೊಳ್ಳದೆ ಪಾಲುದಾರನನ್ನಾಗಿ ಮಾಡಿಕೊಳ್ಳುವಾಗ ಹರ್‌ಪ್ರೀತ್ ಯಾವ ಮನೆಯ ಹುಡುಗ ಎಂಬುದು ತಿಳಿಯುತ್ತದೆ.

ಚಿತ್ರದ ದೊಡ್ಡ ತೊಡಕನ್ನು ಮುಚ್ಚಿಡಬಾರದು. ಒಬ್ಬನ ಸಂಬಳ ಪಡೆಯುತ್ತ, ಅವನದೇ ಕಚೇರಿಯಲ್ಲಿ ಕುಳಿತು, ಅವನಿಗೇ ಎದುರಾಳಿ ಕಂಪನಿ ನಡೆಸುವುದು ಪ್ರಾಮಾಣಿಕತೆಯೇ? ಬಳಸಿದ ಫೋನಿಗೆ, ಸಾಮಾನಿಗೆ ಲೆಕ್ಕ ಇಡಬಹುದು. ಕೆಲಸದ ಹೊತ್ತಿಗೆ, ಮಾಲೀಕನ ನಂಬಿಕೆಗೆ ಯಾವ ದರ ಹಾಕುವುದು? ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಪುರಿ ಕೆಟ್ಟವನೆಂಬುದು ಇದಕ್ಕೆ ಪೂರ್ತಿ ಉತ್ತರವಾಗುವುದಿಲ್ಲ. ಲೇಖಕರು ಈ ಪ್ರಶ್ನೆಯಿಂದ ಓಡಿಹೋಗಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ಗುಟ್ಟು ಬಯಲಾದಾಗ ಹರ್‌ಪ್ರೀತ್ ವಾದಿಸಿ ಗೆಲ್ಲುವುದಿಲ್ಲ, ಕಂಪನಿಯನ್ನೇ ಕಳೆದುಕೊಳ್ಳುತ್ತಾನೆ. ಪುರಿ ಅದನ್ನು ಒಂದು ರೂಪಾಯಿಗೆ ಬರೆಸಿಕೊಳ್ಳುತ್ತಾನೆ. ಆಮೇಲೆ ಆಗುವುದೇ ಚಿತ್ರದ ಅತ್ಯಂತ ಬುದ್ಧಿವಂತ ಭಾಗ. ಹೆಸರು, ಗಿರಾಕಿಗಳು, ಫೋನ್ ನಂಬರು ಎಲ್ಲವೂ ಕೈಗೆ ಬಂದರೂ ಪುರಿಗೆ ಆ ಕಂಪನಿ ನಡೆಸಲು ಆಗುವುದಿಲ್ಲ. ರಾಕೆಟ್ ಸೇಲ್ಸ್ ಕೊಟ್ಟಿದ್ದ ಮಾತುಗಳನ್ನು ಉಳಿಸಿಕೊಳ್ಳುವುದು ಅವನ ವ್ಯವಸ್ಥೆಗೆ ಸಾಧ್ಯವಿಲ್ಲ. ಅವನೇ ಹುಡುಕಿಕೊಂಡು ಬಂದು ಕಂಪನಿಯನ್ನು ಮರಳಿಸುತ್ತಾನೆ. ಹೊರಗಿನ ಜಗತ್ತಿನಲ್ಲಿ ಪುರಿಯಂಥವರು ಇಷ್ಟು ಸುಲಭವಾಗಿ ಸೋಲೊಪ್ಪುವುದಿಲ್ಲ, ಇದು ಚಿತ್ರ ತೆಗೆದುಕೊಂಡ ಸಲಿಗೆ. ಆದರೂ ಪುರಿಯ ಪಾತ್ರದಲ್ಲಿರುವ ಮನೀಶ್ ಚೌಧರಿ ಆ ದೃಶ್ಯವನ್ನು ನಂಬುವಂತೆ ಮಾಡಿದ್ದಾರೆ.

ಚಿತ್ರ ಬಂದ ಆ ಡಿಸೆಂಬರಿನಲ್ಲಿ ಫ್ಲಿಪ್‌ಕಾರ್ಟ್‌ಗೆ ಎರಡು ವರ್ಷ ತುಂಬಿತ್ತಷ್ಟೆ. ಕೋರಮಂಗಲದಿಂದ ಪುಸ್ತಕ ಕಳಿಸುತ್ತಿದ್ದ ಆ ಕಂಪನಿಯಂತೆ ಇನ್ನೂ ನೂರಾರು ಹುಟ್ಟಲಿದ್ದವು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ 'ಸ್ಟಾರ್ಟ್‌ಅಪ್ ಇಂಡಿಯಾ' ಆರಂಭಿಸಿದ ಮೇಲೆ ಉದ್ಯಮಿಯಾಗುವುದು ಮಧ್ಯಮ ವರ್ಗದ ಮನೆಗಳಲ್ಲೂ ಮರ್ಯಾದೆಯ ಮಾತಾಯಿತು. ಇದು ನಿಜವಾದ ಗಳಿಕೆ. ಆದರೆ ಈ ಯುಗದ ಕತೆಗಳಲ್ಲಿ ಬಂಡವಾಳ ಎತ್ತಿದವರು ನಾಯಕರಾದರು, ಬಾಗಿಲು ಬಾಗಿಲಿಗೆ ಹೋದ ಸೇಲ್ಸ್ ಹುಡುಗರು ಮತ್ತೆ ಟಾರ್ಗೆಟ್ಟಿನ ಆಳುಗಳಾಗಿಯೇ ಉಳಿದರು. ಆನ್‌ಲೈನ್ ಪಾಠ ಮಾರುತ್ತಿದ್ದ ಬೆಂಗಳೂರಿನ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪನಿ ಎನಿಸಿಕೊಂಡಿತ್ತು. ಪಾಲಕರಿಗೆ ಒತ್ತಾಯದಿಂದ ಕೋರ್ಸ್ ಮಾರಲಾಗುತ್ತಿದೆ ಎಂಬ ವರದಿಗಳ ಹಿನ್ನೆಲೆಯಲ್ಲಿ ಆ ವರ್ಷದ ಡಿಸೆಂಬರಿನಲ್ಲೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. 2024ರ ಜುಲೈಯಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಗಿರಾಕಿಯ ಕಣ್ಣು ತಪ್ಪಿಸಿ ಬುಟ್ಟಿಗೆ ಸರಕು ಸೇರಿಸುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಆನ್‌ಲೈನ್ ಮಾರಾಟದಲ್ಲಿ ಎಷ್ಟು ಸಾಮಾನ್ಯವಾಯಿತೆಂದರೆ, 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಮೋಸಗಳನ್ನು ಪಟ್ಟಿಮಾಡಿ ನಿಷೇಧಿಸಬೇಕಾಯಿತು. ಪುರಿಯ ವಿದ್ಯೆ ಕಚೇರಿಯಿಂದ ಮೊಬೈಲ್ ಪರದೆಗೆ ಬಂದಿದೆ.

ಇಷ್ಟಾದರೂ ದಾಖಲಾಗಬೇಕಾದ ಇನ್ನೊಂದು ಮಾತಿದೆ. ಸಣ್ಣ ಊರುಗಳಲ್ಲಿ ಕಂಪ್ಯೂಟರ್, ಮೋಟರು, ಸೋಲಾರ್ ಹೀಟರ್ ಮಾರಿ, ಕೆಟ್ಟಾಗ ತಾವೇ ಸ್ಕೂಟರಿನಲ್ಲಿ ಬಂದು ಸರಿಮಾಡಿಕೊಡುವ ಸಾವಿರಾರು ಜನ ಇಂದಿಗೂ ಇದ್ದಾರೆ. ಅವರ ಹೆಸರು ಯಾವ ಉದ್ಯಮಿಗಳ ಪಟ್ಟಿಯಲ್ಲೂ ಬರುವುದಿಲ್ಲ. ಅವರ ಬದುಕಿನ ಮೇಲೆ ಬಂದ ಚಿತ್ರಗಳಲ್ಲಿ 'ರಾಕೆಟ್ ಸಿಂಗ್'ನಷ್ಟು ನ್ಯಾಯ ಒದಗಿಸಿದ್ದು ಬೇರೆ ಇಲ್ಲ ಎಂದು ನಾವು ನಂಬುತ್ತೇವೆ. 2009ರ 'ವೇಕ್ ಅಪ್ ಸಿದ್' ಮತ್ತು 'ಅಜಬ್ ಪ್ರೇಮ್ ಕೀ ಗಜಬ್ ಕಹಾನಿ'ಯ ಜೊತೆಗೆ ಈ ಚಿತ್ರಕ್ಕೂ ಸೇರಿಸಿ ರಣಬೀರ್‌ಗೆ ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿ ಬಂತು. ಆದರೆ ಮಾರುಕಟ್ಟೆ ಇಂಥ ಕತೆಗಳಿಗೆ ಬೆನ್ನು ಮಾಡಿತು. ಮರುವರ್ಷ ಯಶ್ ರಾಜ್ ಫಿಲ್ಮ್ಸ್ ತಂದ 'ಬ್ಯಾಂಡ್ ಬಾಜಾ ಬಾರಾತ್' ಕೂಡ ಹೊಸ ಉದ್ಯಮಿಗಳ ಕತೆಯೇ. ಮದುವೆಯ ಸಂಭ್ರಮ, ಪ್ರೇಮ, ಹಾಡು ಬೆರೆತಿದ್ದ ಅದು ಗೆದ್ದಿತು.

ಇನ್ನು ದೂರು ಪೆಟ್ಟಿಗೆಯ ವಿಚಾರ. 2018ರ ತಿದ್ದುಪಡಿಯಿಂದ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಲಂಚ ಕೊಡುವುದೂ ನೇರ ಅಪರಾಧವಾಯಿತು. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರಿದರೆ ರಕ್ಷಣೆಯೂ ಇದೆ. ಆದರೆ ಆ ಕಾಯ್ದೆಯ ಕಣ್ಣು ಇರುವುದು ಸಾರ್ವಜನಿಕ ನೌಕರರ ಮೇಲೆ. ಒಂದು ಖಾಸಗಿ ಕಂಪನಿಯ ಖರೀದಿ ಅಧಿಕಾರಿ ಇನ್ನೊಂದು ಖಾಸಗಿ ಕಂಪನಿಯ ಸೇಲ್ಸ್‌ಮನ್‌ನಿಂದ ಕಮಿಷನ್ ಕೇಳಿದರೆ ಅದು ಆ ಕಾಯ್ದೆಯ ಕೈಗೆ ಸಿಗುವುದಿಲ್ಲ. ಖಾಸಗಿ ವಲಯದ ಲಂಚವನ್ನೂ ಅಪರಾಧವಾಗಿಸುವುದನ್ನು ಪರಿಗಣಿಸಬೇಕೆನ್ನುವ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು ಭಾರತ 2011ರಲ್ಲೇ ಅಂಗೀಕರಿಸಿದೆ. ಟಾರ್ಗೆಟ್ ಹೊತ್ತು ತಿರುಗುವ ಲಕ್ಷಾಂತರ ಯುವಕ ಯುವತಿಯರು ದಿನವೂ ಎದುರಿಸುವ ಬೇಡಿಕೆ ಇದು. ಕೊಡಲಾರೆ ಎಂದವರಿಗೆ ಆರ್ಡರ್ ತಪ್ಪುತ್ತದೆ, ಕೆಲಸವೂ ತಪ್ಪಬಹುದು. ಇಂಥ ಲಂಚಕ್ಕೆ ಪ್ರತ್ಯೇಕ ಕಾನೂನು, ದೂರು ಕೊಟ್ಟ ನೌಕರರ ಕೆಲಸಕ್ಕೆ ರಕ್ಷಣೆ, ಇವೆರಡನ್ನೂ ಸಂಸತ್ತು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.