ಪರದೆಯ ಮುಂದಿನ ಆಟ

2025ರ ಮಾರ್ಚ್ 21ರಂದು ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಯಿತು. ಮರುದಿನವೇ ಐಪಿಎಲ್ ಆರಂಭವಾಯಿತು. ರಮಝಾನಿನ ಕೊನೆಯ ಹತ್ತು ದಿನಗಳು ಕಾಲಿಟ್ಟದ್ದೂ ಅದೇ ವಾರದಲ್ಲಿ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಎಷ್ಟೋ ಮನೆಗಳಲ್ಲಿ ಆಗ ಹತ್ತನೆಯ ತರಗತಿಯ ಮಗುವಿನ ಕಣ್ಣು ಪುಸ್ತಕದ ಮೇಲೆ, ಕಿವಿ ಪಕ್ಕದ ಕೋಣೆಯ ಟಿ.ವಿ.ಯ ಕಡೆಗೆ. ತರಾವೀಹ್‌ನ ಕೊನೆಯ ಸಫ್‌ಗಳಲ್ಲಿ ಯುವಕರ ಸಂಖ್ಯೆ ಕರಗುವುದಕ್ಕೆ ಕಾರಣವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹಾಗಾದರೆ ಕ್ರೀಡೆಯನ್ನು ಕುಳಿತು ನೋಡುವುದೇ ಕಾಲಹರಣವೇ? ಹೌದೆಂದು ಒಂದೇ ಮಾತಿನಲ್ಲಿ ತೀರ್ಪಿತ್ತುಬಿಡುವ ಉಪದೇಶಕರು ನಮ್ಮಲ್ಲಿ ಕಡಿಮೆಯಿಲ್ಲ. ನಾವು ಅದನ್ನು ಒಪ್ಪುವುದಿಲ್ಲ. ಮದೀನಾದ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿಯಾಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ತಡೆಯಲಿಲ್ಲ. ಪತ್ನಿ ಆಯಿಶಾ(ರ)ರಿಗೂ ಅದನ್ನು ತೋರಿಸಿದರು, ಅವರಿಗೆ ಸಾಕೆನಿಸುವವರೆಗೂ ಜೊತೆಗೆ ನಿಂತರು. ನೋಡುವ ಸಂತೋಷವನ್ನು ಅಪರಾಧವೆನ್ನಲು ಆಧಾರವಿಲ್ಲ. ಆದರೆ ಆ ಆಟ ಒಂದು ದಿನದ್ದು, ಹಬ್ಬದ ದಿನದ್ದು ಎಂಬುದನ್ನೂ ಗಮನಿಸಬೇಕು.

ನಮ್ಮ ಕಾಲದ ಹಬ್ಬವೋ ಎರಡು ತಿಂಗಳು ಮುಗಿಯುವುದಿಲ್ಲ. ಆ ವರ್ಷದ ವೇಳಾಪಟ್ಟಿಯಲ್ಲಿದ್ದುದು 74 ಪಂದ್ಯಗಳು. ಪಂದ್ಯವೊಂದಕ್ಕೆ ಮೂರೂವರೆ ಗಂಟೆಯೆಂದರೂ ಸುಮಾರು 260 ಗಂಟೆ. ದಿನಕ್ಕೆ ಆರು ಗಂಟೆಯ ಲೆಕ್ಕದಲ್ಲಿ 43 ಶಾಲಾ ದಿನಗಳು! ಎಲ್ಲವನ್ನೂ ಎಲ್ಲರೂ ನೋಡುವುದಿಲ್ಲ ನಿಜ. ಅರ್ಧ ನೋಡಿದರೂ ಲೆಕ್ಕ ಹಗುರವಲ್ಲ.

ಓವರುಗಳ ನಡುವೆ ನಮ್ಮ ಮಕ್ಕಳು ನೋಡಿದ್ದಾದರೂ ಏನನ್ನು? ತಂಡ ಕಟ್ಟಿ ಹಣ ಗೆಲ್ಲಿರೆಂದು ಖ್ಯಾತ ಆಟಗಾರರೇ ಕರೆಯುವ ಜಾಹೀರಾತುಗಳನ್ನು. 2020ರಲ್ಲಿ ಐಪಿಎಲ್‌ನ ಹೆಸರಿಗೇ ಅಂತಹ ಸಂಸ್ಥೆಯೊಂದರ ಹೆಸರು ಅಂಟಿಕೊಂಡಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರ ಆಗಸ್ಟಿನಲ್ಲಿ. ಜೂಜು ನಿಷಿದ್ಧವೆಂದು ಮಕ್ತಬ್‌ನಲ್ಲಿ ಕಲಿತ ಹುಡುಗನ ಕೈಯಲ್ಲಿದ್ದ ಮೊಬೈಲನ್ನು ಅಷ್ಟು ವರ್ಷ ಯಾರು ಪರೀಕ್ಷಿಸಿದ್ದರು?

ಮುಸ್ಲಿಮ್ ಪ್ರೇಕ್ಷಕನಿಗೆ ಇನ್ನೊಂದು ಹೊರೆಯೂ ಇದೆ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಹನ್ನೊಂದು ಮಂದಿಯ ಸೋಲಿಗೆ ಮುಹಮ್ಮದ್ ಶಮಿಯೊಬ್ಬರನ್ನು ನಿಂದಿಸಲಾಯಿತು. ಅಂದಿನ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಬೆಂಬಲಕ್ಕೆ ನಿಂತರು. ಯಶವಂತಪುರದ ಚಹಾದಂಗಡಿಯಲ್ಲಿ ಎಲ್ಲ ಸಮುದಾಯದವರೂ ಒಂದೇ ಸಿಕ್ಸರಿಗೆ ಎದ್ದು ನಿಲ್ಲುವುದು ಈ ನಾಡಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಚಪ್ಪಾಳೆ ತಟ್ಟಿ ದೇಶಪ್ರೇಮಕ್ಕೆ ಸಾಕ್ಷ್ಯ ಒದಗಿಸಬೇಕಾದ ದರ್ದು ಯಾರಿಗೂ ಇರಕೂಡದು.

ಅದೇ 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಶಾಲಾ ಬಾಲಕಿಯೂ ಅವರಲ್ಲಿದ್ದಳು. ಸಂಭ್ರಮಿಸಹೊರಟ ಮಕ್ಕಳನ್ನು ದೂಷಿಸುವುದು ಕ್ರೌರ್ಯ. ಉತ್ತರಿಸಬೇಕಾದವರು ಸಿದ್ಧತೆಯಿಲ್ಲದೆ ಜನರನ್ನು ಕರೆದವರು. ಆದರೆ ಎರಡು ತಿಂಗಳ ಕಾಲ ಪ್ರತಿ ಸಂಜೆ ಕಾಯಿಸಲ್ಪಟ್ಟ ಉನ್ಮಾದ ಪರದೆಯೊಳಗೇ ಉಳಿಯುವುದಿಲ್ಲ.

ಟಿ.ವಿ.ಯನ್ನು ಒಡೆಯಬೇಕೆಂದು ನಾವು ಹೇಳುತ್ತಿಲ್ಲ. ವಾರಕ್ಕೆ ಒಂದೆರಡು ಪಂದ್ಯಗಳನ್ನು ಮೊದಲೇ ಆರಿಸಿ, ಮನೆಮಂದಿಯೆಲ್ಲ ಕುಳಿತು ನೋಡಲಿ. ಎಲ್ಲರೂ ಎಂದರೆ, ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಚಹಾ ಸರಬರಾಜು ಮಾಡುವ ತಾಯಿಯೂ ಸೇರಿ. ಉಳಿದ ಸಂಜೆಗಳಲ್ಲಿ ಮಕ್ಕಳು ಆಡಲಿ. ಎಲ್ಲಿ ಆಡಬೇಕು ಎಂಬುದೇ ನಿಜವಾದ ಪ್ರಶ್ನೆ. ಯಲಹಂಕದಾಚೆ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರವಿದೆ. ಓಣಿಯ ಹುಡುಗರಿಗಿರುವುದು ಎರಡು ಸಾಲು ಸ್ಕೂಟರುಗಳ ನಡುವಿನ ಜಾಗ. ಹುಡುಗಿಯರಿಗೆ ಅದೂ ಇಲ್ಲ. ನಮ್ಮ ಜಮಾಅತ್‌ಗಳು ನಡೆಸುವ ಎಷ್ಟೋ ಶಾಲೆಗಳ ಅಂಗಳಕ್ಕೆ ಸಂಜೆಯಾದರೆ ಬೀಗ, ಭಾನುವಾರವೂ ಬೀಗ. ಅದರ ಕೀಲಿಕೈ ಸರಕಾರದ ಬಳಿಯಿಲ್ಲ, ಆಡಳಿತ ಸಮಿತಿಯ ಬಳಿಯಿದೆ.