ಗೋಧೂಳಿ ಮುಹೂರ್ತದ ಕಾರು



ಭರತ ಹುಣ್ಣಿಮೆಯ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರನ್ನು ಜೊಯಿಡಾ ತಾಲ್ಲೂಕಿನವರು ವರ್ಷವೂ ನೋಡುತ್ತೇವೆ. ಊರು ಬಿಡುವ ಮೊದಲು ಆ ರೈತ ಗಾಲಿಯ ಅಚ್ಚು ನೋಡುತ್ತಾನೆ, ಕೀಲು ನೋಡುತ್ತಾನೆ, ಎಣ್ಣೆ ಹಾಕುತ್ತಾನೆ, ಎತ್ತಿನ ಕಾಲೆತ್ತಿ ಲಾಳ ನೋಡುತ್ತಾನೆ. ಕಾಡುದಾರಿಯಲ್ಲಿ ಗಾಲಿ ಮುರಿದರೆ ಯಾವ ಪೂಜೆಯೂ ಎತ್ತಿ ನಿಲ್ಲಿಸುವುದಿಲ್ಲವೆಂದು ಅವನಿಗೆ ಗೊತ್ತು. ಈಗ ಜಾತ್ರೆಯಿಲ್ಲದ ದಿನಗಳಲ್ಲೂ ಉಳವಿಗೆ ಹೊಸ ಕಾರುಗಳು ಬರುತ್ತವೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಹಾರ, ಎದುರಿಗೆ ಒಡೆದ ಕುಂಬಳಕಾಯಿ. ಅವಿರಳಜ್ಞಾನಿ ಚನ್ನಬಸವಣ್ಣನವರ ಐಕ್ಯಸ್ಥಳಕ್ಕೆ ಬಂದು, ಎದೆಯ ಮೇಲೆ ಇಷ್ಟಲಿಂಗ ಇರುವಾಗಲೇ, ಗಾಲಿಯ ಕೆಳಗಿನ ನಿಂಬೆಹಣ್ಣನ್ನು ನಂಬುತ್ತೇವೆ. ಕಾರಿನ ಬಾಗಿಲನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ.

ಇದನ್ನು ಬೇರೆಯವರನ್ನು ಆಡಿಕೊಳ್ಳಲು ಬರೆಯುತ್ತಿಲ್ಲ. ನೋಡದೆ ತಂದವರಲ್ಲಿ ನಾನೂ ಒಬ್ಬ.

ನಿವೃತ್ತಿಯಾದಾಗ ಬಂದ ಹಣಕ್ಕೆ ಒಂದಿಷ್ಟು ಬ್ಯಾಂಕ್ ಸಾಲ ಸೇರಿಸಿ ಒಂಬತ್ತು ಲಕ್ಷದ ಕಾರು ತೆಗೆದುಕೊಂಡೆ. ಬಸವ ಜಯಂತಿಯ ವೇದಿಕೆಯ ಮೇಲೆ ಮುಹೂರ್ತ, ರಾಹುಕಾಲಗಳ ವಿರುದ್ಧ ಮಾತನಾಡಿದವನು ನಾನು. ಆದರೆ ನೆಂಟರು ಪಂಚಾಂಗ ತೆಗೆದು ಗೋಧೂಳಿಯೇ ಒಳ್ಳೆಯದೆಂದಾಗ, ಮನೆಯಲ್ಲಿ ಮನಸ್ತಾಪ ಬೇಡವೆಂದು ಸುಮ್ಮನಾದೆ. ಹೀಗಾಗಿ ಕಾರು ಕೈಗೆ ಬಂದದ್ದು ಸೂರ್ಯ ಮುಳುಗಿದ ಮೇಲೆ, ಷೋರೂಮಿನ ದೀಪಗಳ ಕೆಳಗೆ. ಬಟ್ಟೆ ಸರಿಸಿದರು, ಚಪ್ಪಾಳೆ ತಟ್ಟಿದರು, ಸಿಹಿ ಕೊಟ್ಟರು, ಫೋಟೋ ತೆಗೆದರು. ಆರೇಳು ಕಾಗದಗಳಿಗೆ ನಿಂತಲ್ಲೇ ಸಹಿ ಮಾಡಿದೆ. ಅದರಲ್ಲಿ ಒಂದು, ವಾಹನವನ್ನು ಪರಿಶೀಲಿಸಿ ಸುಸ್ಥಿತಿಯಲ್ಲಿ ಪಡೆದಿದ್ದೇನೆ ಎಂಬ ಕಾಗದ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಹಿಂಬಾಗಿಲಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಬಿಸಿಲಲ್ಲಿ ಕಾರು ಒರೆಸುತ್ತಿದ್ದ ನಮ್ಮ ಮನೆಯವರು ಕರೆದರು: "ಏನ್ರಿ, ಈ ಬಾಗಲಾ ಒಂದ ಬ್ಯಾರೆ ಬಣ್ಣ ಕಾಣಸ್ತೈತಲ್ರಿ?" ಹೌದು, ಹಗಲ ಬೆಳಕಿನಲ್ಲಿ ಆ ಬಾಗಿಲು ಒಂದು ಛಾಯೆ ಮಸುಕು. ಬಾಗಿಲ ಅಂಚಿನ ರಬ್ಬರ್ ಪಟ್ಟಿಯ ಮೇಲೆ ಬಣ್ಣದ ಸಣ್ಣ ಹನಿಗಳು ಕೂತಿದ್ದವು. ಕಾರ್ಖಾನೆಯಲ್ಲಿ ರಬ್ಬರ್ ಹಾಕುವುದೇ ಬಣ್ಣ ಆದ ಮೇಲೆ. ಹಾಗಿದ್ದರೆ ರಬ್ಬರಿನ ಮೇಲೆ ಬಣ್ಣ ಎಲ್ಲಿಂದ ಬಂತು?

ಓಣಿಯ ಹಿರಿಯರೊಬ್ಬರು ತಕ್ಷಣ ತೀರ್ಪು ಕೊಟ್ಟರು: "ದೃಷ್ಟಿ ಆಗೇತಿ." ಈ ಮಾತನ್ನು ಸ್ವಲ್ಪ ಯೋಚಿಸಿ. ದೋಷಕ್ಕೆ ದೃಷ್ಟಿ ಕಾರಣವೆಂದು ಒಪ್ಪಿದರೆ ಲಾಭ ಯಾರಿಗೆ? ಮಾರಿದವನಿಗೆ. ನಾವು ನಿಂಬೆಹಣ್ಣು ಕಟ್ಟಿಕೊಂಡು ಮನೆಯಲ್ಲಿರುತ್ತೇವೆ, ಅವನನ್ನು ಯಾರೂ ಕೇಳುವುದಿಲ್ಲ. ಮೌಢ್ಯ ನಮ್ಮ ಬುದ್ಧಿಯನ್ನಷ್ಟೇ ಕೆಡಿಸುತ್ತದೆ ಎಂದು ನಾವು ಭಾಷಣ ಮಾಡುತ್ತೇವೆ. ಅದು ತಪ್ಪು ಮಾಡಿದವನಿಗೆ ಕಾವಲು ನಿಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.

ಷೋರೂಮಿನವರು ದೃಷ್ಟಿ ಎನ್ನಲಿಲ್ಲ, ಮಳೆ ಎಂದರು. "ನಿಮ್ಮ ಕಡೆ ಮಳೆ ಜಾಸ್ತಿ ಸರ್, ಕಾಡು ಬೇರೆ." ನಿಜ, ನಮ್ಮಲ್ಲಿ ಮಳೆ ಹೆಚ್ಚು. ಆದರೆ ಜೊಯಿಡಾದ ಮಳೆ ಒಂದೇ ಬಾಗಿಲ ಮೇಲೆ ಸುರಿಯುತ್ತದೆಯೇ? ಆಮೇಲೆ ಹಕ್ಕಿಯ ಹಿಕ್ಕೆ ಎಂದರು, ಮರದ ಅಂಟು ಎಂದರು, ಕೊನೆಗೆ ಬಣ್ಣಕ್ಕೆ ವಾರಂಟಿಯೇ ಇಲ್ಲ ಎಂದರು. ಮನೆಗೆ ಬಂದು ವಾರಂಟಿ ಪುಸ್ತಿಕೆಯನ್ನು ಮೊದಲ ಬಾರಿಗೆ ಓದಿದೆ. ಕಲ್ಲು ಸಿಡಿದ ಗುರುತು, ಹಿಕ್ಕೆ, ಅಂಟು, ಸಮುದ್ರದ ಉಪ್ಪು, ಇವುಗಳಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಅದರಲ್ಲಿತ್ತು. ತಯಾರಿಕೆಯ ದೋಷಕ್ಕೆ ಇಲ್ಲವೆಂದು ಎಲ್ಲಿಯೂ ಇರಲಿಲ್ಲ.

ಇಲ್ಲಿ ಕೆಲಸದ ಒಳಗುಟ್ಟು ತಿಳಿದಿರಬೇಕು. ಕಾರ್ಖಾನೆಯಲ್ಲಿ ಕಾರಿನ ಬರಿ ಲೋಹದ ಮೈಯನ್ನು ತುಕ್ಕು ತಡೆಯುವ ದ್ರಾವಣದ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ವಿದ್ಯುತ್ತಿನಿಂದ ಆ ಲೇಪ ಮೂಲೆಮೂಲೆಗೂ ಹತ್ತುತ್ತದೆ. ನಂತರ ಹೆಚ್ಚಿನ ಉಷ್ಣದಲ್ಲಿ ಬೇಯಿಸಿ, ಮೇಲೆ ಪ್ರೈಮರ್, ಬಣ್ಣ, ಹೊಳಪಿನ ಪದರ ಹಾಕುತ್ತಾರೆ. ಕಾರು ಲಾರಿಯಿಂದ ಇಳಿಯುವಾಗಲೋ ಯಾರ್ಡಿನಲ್ಲೋ ಪೆಟ್ಟು ತಿಂದರೆ, ಕೆಳಗೆ ಡೆಂಟಿಂಗ್ ಮಾಡಿ ಲಪ್ಪ ತುಂಬಿ, ಉಜ್ಜಿ, ಬಣ್ಣ ಸಿಂಪಡಿಸುತ್ತಾರೆ. ಆಗ ತೊಟ್ಟಿಯಲ್ಲಿ ಮುಳುಗಿಸಲಾಗದು. ರಬ್ಬರ್, ಪ್ಲಾಸ್ಟಿಕ್ ಇರುವುದರಿಂದ ಅಷ್ಟು ಬೇಯಿಸಲೂ ಆಗದು. ಸರಿಯಾಗಿ ಮಾಡಿದರೆ ಅದೂ ಬಾಳಿಕೆ ಬರುತ್ತದೆ. ಅವಸರದಲ್ಲಿ ಮಾಡಿದರೆ ಒಂದೇ ಮಳೆಗಾಲದಲ್ಲಿ ತೇವ ಒಳಹೊಕ್ಕು ಗುಳ್ಳೆ ಏಳುತ್ತದೆ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬಣ್ಣದ ದಪ್ಪ ಅಳೆಯುವ ಕೈ ಉಪಕರಣ ದೊಡ್ಡ ಗ್ಯಾರೇಜುಗಳಲ್ಲಿ ಇರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ನನ್ನ ಕಾರಿನ ಮೂರು ಬಾಗಿಲು ಆ ಲೆಕ್ಕದಲ್ಲೇ ಇದ್ದವು. ನಾಲ್ಕನೆಯದು 300 ದಾಟಿತ್ತು.

ಈ ಅಳತೆಯನ್ನು ಬರವಣಿಗೆಯಲ್ಲಿ ಕೊಟ್ಟ ಮೇಲೆ ಷೋರೂಮಿನ ಮಾತು ಮೆತ್ತಗಾಯಿತು. ಬಾಗಿಲಿಗೆ ಮತ್ತೆ ಬಣ್ಣ ಹೊಡೆಯುತ್ತೇವೆ, ಎರಡು ಸರ್ವಿಸ್ ಉಚಿತ, ಸೀಟ್ ಕವರ್ ಉಚಿತ. ಪ್ರತಿಯಾಗಿ ನಾನು ಒಂದು ಕಾಗದಕ್ಕೆ ಸಹಿ ಮಾಡಬೇಕು: ಮಾರುವಾಗ ವಾಹನದಲ್ಲಿ ಯಾವ ದೋಷವೂ ಇರಲಿಲ್ಲ, ನನ್ನ ದೂರು ಏನೂ ಇಲ್ಲ. ಆ ಕಾಗದ ಮುಂದಿಟ್ಟ ವ್ಯವಸ್ಥಾಪಕರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಅಪ್ಪ ಬಸವಣ್ಣನವರ ಭಾವಚಿತ್ರವಿತ್ತು.

ನಿಜ ಹೇಳುತ್ತೇನೆ, ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಓಡಾಡಿ ಸಾಕಾಗಿತ್ತು. ತಡೆದವರು ನಮ್ಮ ಮನೆಯವರು. "ಸೀಟ್ ಕವರ್ ಯಾರಿಗೆ ಬೇಕ್ರಿ? ಅವರು ಸುಳ್ಳು ಹೇಳ್ಯಾರಂತ ನಮಗ ಸಿಟ್ಟು. ಇದಕ್ಕ ಸಹಿ ಮಾಡಿದ್ರ ಆ ಸುಳ್ಳಿನಾಗ ನಮ್ಮದೂ ಪಾಲು ಬರತೈತಿ." ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ತಂದಲ್ಲಿಯೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದ ಲಕ್ಕಮ್ಮ ತಾಯಿಯ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ಆ ದಿನ ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ಇನ್ನೊಂದು ಪರೀಕ್ಷೆ ಮನೆಯೊಳಗೇ ಬಂತು. ಭಾವಮೈದುನ ಹೇಳಿದ: "ಮಾಮಾ, ಬಾಗಲಾಕ್ಕ ಬಣ್ಣಾ ಹೊಡಿಸಿ ಎಕ್ಸ್‌ಚೇಂಜಿಗೆ ಹಾಕ್ರಿ. ತೊಗೊಳ್ಳಾಂವ ನೋಡ್ಕೋತಾನ." ಬಹಳ ಜನ ಮಾಡುವುದು ಇದನ್ನೇ. ಆದರೆ ದೋಷ ಮುಚ್ಚಿ ಮಾರಿದ ಆ ಷೋರೂಮಿಗೂ, ದೋಷ ಮುಚ್ಚಿ ಮಾರುವ ನನಗೂ ಆಮೇಲೆ ಏನು ವ್ಯತ್ಯಾಸ? ಅವರಿಗೆ ಅಂಗಡಿ ದೊಡ್ಡದು, ನನಗೆ ಸಣ್ಣದು, ಅಷ್ಟೇ. ನಡೆ ನುಡಿ ಒಂದಾಗಬೇಕೆಂಬ ಶರಣರ ಅಳತೆ ಮಾರುವವನಿಗೆ ಹೇಗೋ ಕೊಳ್ಳುವವನಿಗೂ ಹಾಗೆಯೇ. ತಾನೇ ಗೋಡೆಗೆ ಒರೆಸಿಕೊಂಡ ಗೀರನ್ನು ಕಂಪನಿಯ ದೋಷವೆಂದು ವಾದಿಸುವ ಗ್ರಾಹಕರೂ ಇದ್ದಾರೆ. ಅವರಿಂದಾಗಿಯೇ ನಿಜವಾದ ದೂರಿಗೂ ಬೆಲೆ ಇಲ್ಲದಂತಾಗುತ್ತದೆ.

ಹಾಗಾದರೆ ದಾರಿ ಏನು? ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಕಾರಣ ಬಿಡಿಸಿ ಹೇಳುತ್ತೇನೆ. 1986ರ ಗ್ರಾಹಕ ಕಾಯ್ದೆಯ ಜಾಗದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಹಳೆಯದನ್ನು, ದುರಸ್ತಿ ಮಾಡಿ ಹೊಸ ರೂಪ ಕೊಟ್ಟದ್ದನ್ನು ಹೊಸದೆಂದು ಹೇಳಿ ಮಾರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಾರು ಹುಬ್ಬಳ್ಳಿಯಲ್ಲಿ ಕೊಂಡಿರಲಿ, ಬೆಳಗಾವಿಯಲ್ಲಿ ಕೊಂಡಿರಲಿ, ದೂರನ್ನು ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ನಮಗೆ ಅದು ಕಾರವಾರ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಶುಲ್ಕ 5 ಲಕ್ಷದವರೆಗೆ ಇಲ್ಲವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಎರಡು ಲೀಟರ್ ಪೆಟ್ರೋಲಿನ ದುಡ್ಡಿಗೆ ನನ್ನ ದೂರು ದಾಖಲಾಯಿತು. ವಕೀಲರಿಲ್ಲದೆ ನಾವೇ ವಾದಿಸಬಹುದು. ಪ್ರಯೋಗಾಲಯದ ಪರೀಕ್ಷೆ ಬೇಕಾದ ದೋಷವಿದ್ದರೆ ಆಯೋಗವೇ ಅದಕ್ಕೆ ಕಳಿಸಬಹುದು. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ನಾಳೆ ನಾಳೆ ಎಂದು ಷೋರೂಮು ನಮ್ಮನ್ನು ತಿರುಗಾಡಿಸುವಾಗ ಕಳೆಯುತ್ತಿರುವುದು ಈ ಎರಡು ವರ್ಷವೇ. ಮೊದಲ ಹೆಜ್ಜೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಯಾರ ಮೇಲೆ ದೂರು ಎಂಬುದೂ ಮುಖ್ಯ. ನಮ್ಮ ಪಕ್ಕದ ಗೋವಾದ ಗ್ರಾಹಕರೊಬ್ಬರಿಗೆ 2011ರಲ್ಲಿ ಹೊಸದೆಂದು ಕೊಟ್ಟ ಕಾರು 2009ರ ಮಾದರಿಯದಾಗಿತ್ತು, 622 ಕಿಲೋಮೀಟರ್ ಓಡಿತ್ತು, ಅಡಿಭಾಗ ತುಕ್ಕು ಹಿಡಿದಿತ್ತು, ಮೈಮೇಲೆ ಗೀರುಗಳಿದ್ದವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಡೀಲರ್ ಹೊಣೆ ಉಳಿಯಿತು; ತಯಾರಕರಾದ ಟಾಟಾ ಮೋಟರ್ಸ್‌ಗೆ ಆ ವಂಚನೆ ತಿಳಿದಿತ್ತೆಂದು ಸಾಬೀತಾಗದ ಕಾರಣ ಅವರನ್ನು ಹೊಣೆಯಿಂದ ಬಿಡಲಾಯಿತು. ಆದ್ದರಿಂದ ದೂರಿನಲ್ಲಿ ಇಬ್ಬರನ್ನೂ ಸೇರಿಸಿ, ಯಾರು ಏನು ಮಾಡಿದರೆಂದು ಬೇರೆ ಬೇರೆಯಾಗಿ ಬರೆಯಬೇಕು. ಇನ್ನೊಂದು, 2006ರಲ್ಲಿ ಮಾರುತಿ ಕಂಪನಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವಾರಂಟಿಯಲ್ಲಿ ಭಾಗದ ದುರಸ್ತಿ ಅಥವಾ ಬದಲಾವಣೆ ಎಂದಿದ್ದರೆ ಇಡೀ ಕಾರು ಬದಲಿಸಲು ಆದೇಶಿಸಲಾಗದು ಎಂದಿತು. ಒಂದು ಬಾಗಿಲಿನ ಬಣ್ಣಕ್ಕೆ ಹೊಸ ಕಾರು ಕೇಳಿದರೆ ಸೋಲುತ್ತೇವೆ. ನಾನು ಕೇಳಿರುವುದು ಮೂರೇ: ಹೊಸ ಬಾಗಿಲು, ಮುಚ್ಚಿಟ್ಟದ್ದಕ್ಕೆ ಪರಿಹಾರ, ಮತ್ತು ಮಾರುವ ಮೊದಲೇ ಬಾಗಿಲಿಗೆ ಬಣ್ಣ ಹೊಡೆದಿದ್ದು ನಿಜವೆಂಬ ಒಂದು ಸಾಲು. ಮೊದಲೆರಡನ್ನು ಕೊಡಲು ಅವರು ಸಿದ್ಧರಿದ್ದಾರೆ. ಮೂರನೆಯದನ್ನು ಕೊಡುತ್ತಿಲ್ಲ. ವ್ಯಾಜ್ಯ ನಿಂತಿರುವುದು ಆ ಒಂದು ಸಾಲಿನ ಮೇಲೆ.

ಸಣ್ಣ ಬಾಗಿಲಿಗೆ ಇಷ್ಟು ಹಟವೇ ಎಂದು ಕೆಲವರು ಕೇಳಿದ್ದಾರೆ. ಆ ಬಾಗಿಲಿಗೆ ಬಣ್ಣ ಹೊಡೆದ ಹುಡುಗ ಯಾರೆಂದು ನನಗೆ ಗೊತ್ತಾಗಿದೆ. ಹೇಳಿದ ಕೆಲಸ ಮಾಡಿದ್ದಾನೆ, ಅವನ ಹೆಸರು ದೂರಿನಲ್ಲಿ ಇಲ್ಲ, ಎಲ್ಲಿಯೂ ಬರುವುದಿಲ್ಲ. ಅವನ ಕೈಕೆಲಸದಲ್ಲಿ ದೋಷವಿದ್ದಿರಬಹುದು. ದೊಡ್ಡ ದೋಷ ಇರುವುದು, ಅದನ್ನು ಹೊಸದೆಂದು ಬಿಲ್ಲು ಬರೆದ ಮೇಜಿನಲ್ಲಿ. ಕಾಯಕ ಎಂದರೆ ಬರಿ ದುಡಿಮೆಯಲ್ಲ, ಸತ್ಯಶುದ್ಧವಾದ ದುಡಿಮೆ. ಪೆಟ್ಟು ಬಿದ್ದದ್ದನ್ನು ಮೊದಲೇ ಹೇಳಿ ಬೆಲೆಯಲ್ಲಿ ಸ್ವಲ್ಪ ಬಿಟ್ಟಿದ್ದರೆ ನಾನು ಸಂತೋಷದಿಂದ ಕೊಳ್ಳುತ್ತಿದ್ದೆ. ನಮ್ಮ ಸಮಾಜದವರೇ ಎಷ್ಟೋ ಷೋರೂಮು, ಗ್ಯಾರೇಜು, ಅಂಗಡಿ ನಡೆಸುತ್ತಿದ್ದಾರೆ. ಗೋಡೆಯ ಮೇಲೆ ಬಸವಣ್ಣನವರನ್ನು ತೂಗುಹಾಕುವವರು ಅವರ ಬೆನ್ನ ಹಿಂದೆ ಏನು ಬರೆಯುತ್ತೇವೆಂದು ಕೇಳಿಕೊಳ್ಳಬೇಕು.

ಮಠಗಳ ಪೂಜ್ಯರಲ್ಲಿ ಒಂದು ವಿನಂತಿ. ತಿಂಗಳ ಅನುಭಾವ ಗೋಷ್ಠಿಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ಕಾಯ್ದೆಯನ್ನು ತಿಳಿದವರಿಂದ ಹೇಳಿಸಿ. ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ, ಅದಕ್ಕೆ ಒಪ್ಪುವ ದಿನ. ವಾಹನದ ಪೂಜೆಗೆಂದು ಬರುವ ಭಕ್ತರಿಗೆ ಮೊದಲು ಕೇಳಿ: ಹಗಲ ಬೆಳಕಿನಲ್ಲಿ ನಾಲ್ಕು ಬಾಗಿಲೂ ನೋಡಿದೆಯಾ? ಚಾಸಿ ಸಂಖ್ಯೆ ಕಾಗದದೊಂದಿಗೆ ತಾಳೆಯಾಯಿತಾ? ತಯಾರಾದ ತಿಂಗಳು ಯಾವುದು? ಸಹಿ ಮಾಡಿದ್ದನ್ನು ಓದಿದೆಯಾ? ಇಷ್ಟಾದರೆ ಅರ್ಧ ಮೌಢ್ಯ ತಾನಾಗಿ ಹೋಗುತ್ತದೆ.

ಮುಂದಿನ ತಾರೀಖಿಗೆ ನಾನೂ ನಮ್ಮ ಮನೆಯವರೂ ಅದೇ ಕಾರಿನಲ್ಲಿ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತೇವೆ. ಎಷ್ಟು ಹೊತ್ತಿಗೆ ಹೊರಟರೆ ಶುಭವೆಂದು ಈ ಸಲ ಯಾರನ್ನೂ ಕೇಳುವುದಿಲ್ಲ.